ಮೋಲ್ಡ್ ಹಾಕುವ ಮುಂಚೆ ಹೊಗೆಗೊಂದು ದಾರಿ ಬಿಡಿ: ವಸತಿ ಸಚಿವರಿಗೆ ಒಬ್ಬ ಗಾರೆ ಮೇಸ್ತ್ರಿಯ ಬಹಿರಂಗ ಪತ್ರ

ಮಾನ್ಯ ವಸತಿ ಸಚಿವರಿಗೆ, ಪಂಚಾಯಿತಿಗಳಲ್ಲಿ ಮನೆ ಬಿಲ್ ಪಾಸು ಮಾಡುವ ಇಂಜಿನಿಯರುಗಳಿಗೆ, ಪಿಡಿಒಗಳಿಗೆ, ಈ ವರ್ಷ ಹೊಸ ಮನೆಗೆ ಪಾಯ ತೆಗೆಯುತ್ತಿರುವ ನನ್ನ ಜನಕ್ಕೆ ನಮಸ್ಕಾರ.

ನಾನು ಕುಣಿಗಲ್ ಕಡೆಯ ಗಾರೆ ಕೆಲಸದವನು. ಕರಣೆ ಹಿಡಿದು ನಲವತ್ತು ವರ್ಷ ದಾಟಿತು. ಜನತಾ ಮನೆ, ಆಶ್ರಯ ಮನೆ, ಇಂದಿರಾ ಆವಾಸ್, ಅಂಬೇಡ್ಕರ್ ನಿವಾಸ, ಬಸವ ವಸತಿ, ಈಗಿನ ಪ್ರಧಾನಮಂತ್ರಿ ಆವಾಸ್, ಹೀಗೆ ಸರ್ಕಾರ ಯಾವ ಹೆಸರಲ್ಲಿ ಮನೆ ಕೊಟ್ಟರೂ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಅವುಗಳಲ್ಲಿ ಕೆಲವಾದರೂ ನನ್ನ ಕೈಯಿಂದ ಎದ್ದಿವೆ. ಆ ಮನೆಗಳ ಗೋಡೆ ಗಟ್ಟಿಯಾಗಿವೆ, ಕಳ್ಳರ ಭಯವಿಲ್ಲ, ಬೆಂಕಿ ಬಿದ್ದರೂ ಸೂರು ಉರಿದುಹೋಗುವುದಿಲ್ಲ. ಆದರೆ ಬಹುಪಾಲು ಮನೆಗಳ ಅಡುಗೆಕೋಣೆಯಿಂದ ಹೊಗೆ ಹೊರಗೆ ಹೋಗಲು ದಾರಿಯೇ ಇಲ್ಲ. ದಾರಿ ಬಿಡದೆ ಮೋಲ್ಡ್, ಅಂದರೆ ಕಾಂಕ್ರೀಟ್ ಸೂರು, ಹಾಕಿದವನು ನಾನೇ. ನಕ್ಷೆಯಲ್ಲಿ ಇರಲಿಲ್ಲ, ಮನೆಯವರು ಕೇಳಲಿಲ್ಲ, ಗೊತ್ತಿದ್ದ ನಾನೂ ಬಾಯಿ ಬಿಡಲಿಲ್ಲ. ಆ ತಪ್ಪು ನನ್ನನ್ನು ಈಗ ಸುಮ್ಮನೆ ಕೂರಲು ಬಿಡುತ್ತಿಲ್ಲ.

ಹೋದ ಆಷಾಢದಲ್ಲಿ, ಹನ್ನೆರಡು ವರ್ಷದ ಹಿಂದೆ ನಾನು ಕಟ್ಟಿದ ಒಂದು ಮನೆಯ ಸೂರು ಸೋರುತ್ತಿದೆ ಎಂದು ಕರೆದಿದ್ದರು. ಬೆಳಗ್ಗೆ ಎಂಟರ ಹೊತ್ತು. ಮಳೆ ಜಿನುಗುತ್ತಿದ್ದರಿಂದ ಹಿಂಬಾಗಿಲು ಮುಚ್ಚಿತ್ತು. ಎಂಟಡಿ ಉದ್ದ, ಆರಡಿ ಅಗಲದ ಅಡುಗೆಕೋಣೆಗೆ ತಲೆ ಹಾಕಿದೆ. ಹೊಗೆ ನನ್ನ ಎದೆಮಟ್ಟದಿಂದ ಮೇಲಕ್ಕೆ ಕಂಬಳಿ ಕಟ್ಟಿದ ಹಾಗೆ ನಿಂತಿತ್ತು. ಅದರ ಕೆಳಗೆ ಎಲ್ಲ ಕಾಣುತ್ತಿತ್ತು, ಮೇಲೆ ಏನೂ ಕಾಣುತ್ತಿರಲಿಲ್ಲ. ಮನೆಯ ಸೊಸೆ ನೆಲಕ್ಕಿಳಿಸಿದ ಪಾತ್ರೆಗೆ ಕವೆಗೋಲು ಕೊಟ್ಟು, ಅದನ್ನು ಪಾದದಲ್ಲಿ ಅದುಮಿ ಹಿಡಿದು ಮುದ್ದೆ ತಿರುವುತ್ತಿದ್ದಳು. ಒಂದೂವರೆ ವರ್ಷದ ಕೂಸು ಅವಳ ಬೆನ್ನಿಗೆ ಆತು ನಿಂತಿತ್ತು. ಮೇಲಿನ ಹಲಗೆಯಿಂದ ಏನೋ ಡಬ್ಬಿ ಬೇಕಾಯಿತು. ಒಮ್ಮೆ ಉಸಿರು ಎಳೆದುಕೊಂಡಳು, ಬಾಯಿ ಬಿಗಿದಳು, ಕಣ್ಣು ಮುಚ್ಚಿ ಎದ್ದು ನಿಂತು ಕೈಯಲ್ಲೇ ತಡಕಿ ಡಬ್ಬಿ ತೆಗೆದಳು, ಮತ್ತೆ ಕೂತು ಉಸಿರು ಬಿಟ್ಟಳು. ಕೆರೆಯಲ್ಲಿ ಮುಳುಗು ಹಾಕುವವರು ಮಾಡುತ್ತಾರಲ್ಲ, ಹಾಗೆ. ನಾನು ನೋಡುತ್ತಿದ್ದೇನೆ ಎಂಬುದು ಕೂಡ ಅವಳಿಗೆ ಗಮನವಿರಲಿಲ್ಲ. ದಿನಾ ಮಾಡಿ ಮಾಡಿ ಅದು ಉಪ್ಪು ಹಾಕುವಷ್ಟೇ ಸಹಜವಾಗಿಬಿಟ್ಟಿತ್ತು.

ಅದೇ ಕೋಣೆಯ ಮೂಲೆಯಲ್ಲಿ, ಉರಿಯುವ ಒಲೆಯಿಂದ ನಾಲ್ಕಡಿಯೂ ಇಲ್ಲದ ಜಾಗದಲ್ಲಿ, ಗ್ಯಾಸ್ ಸಿಲಿಂಡರ್ ಇತ್ತು. ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ಟವೆಲ್ ಹೊದಿಸಿದ್ದರು.

ಈ ಮನೆಗೆ ಮುಂಚೆ ಅದೇ ಜಾಗದಲ್ಲಿ ನಾಡಹೆಂಚಿನ ಮನೆ ಇತ್ತು. ಅದನ್ನು ಕೆಡವಿದವನೂ ನಾನೇ. ಅದರಲ್ಲೂ ಹೊಗೆ ಇತ್ತು, ಜಂತೆಗಳು ಇದ್ದಿಲಿನ ಹಾಗೆ ಕಪ್ಪಾಗಿದ್ದವು, ಇಲ್ಲಣ ಜೋತು ಬಿದ್ದಿತ್ತು. ಆದರೆ ಹೆಂಚಿನ ಸಂದು ಸಂದಿನಿಂದಲೂ ಹೊಗೆ ಸೋಸಿ ಹೋಗುತ್ತಿತ್ತು. ಬೆಳಗಿನ ಹೊತ್ತು ದೂರದಿಂದ ನೋಡಿದರೆ ಇಡೀ ಸೂರೇ ಉಸಿರಾಡುತ್ತಿರುವಂತೆ ಕಾಣುತ್ತಿತ್ತು. ಆ ಹೊಗೆಗೆ ಹುಳ ಗೆದ್ದಲು ಹತ್ತಿರ ಬರುವುದಿಲ್ಲವೆಂದು ಹಿರಿಯರು ಅದನ್ನು ಒಂದು ಮಟ್ಟಿಗೆ ಬೇಕೆಂದೇ ಇಟ್ಟುಕೊಂಡಿದ್ದರು. ಶಿರಾ, ಪಾವಗಡ, ಚಿತ್ರದುರ್ಗದ ಕಡೆಯ ಮಾಳಿಗೆ ಮನೆಗಳಲ್ಲಿ ಮಣ್ಣಿನ ಸೂರು ಬಿಗಿಯಾಗಿರುತ್ತದೆ ಎಂದು ತಿಳಿದೇ ಗವಾಕ್ಷಿ ಬಿಡುತ್ತಿದ್ದರು. ಮಳೆ ಬಂದರೆ ಮೇಲೆ ಹತ್ತಿ ಅದರ ಮೇಲೊಂದು ಚಪ್ಪಡಿಯನ್ನೋ ಒಡೆದ ಮಡಕೆಯನ್ನೋ ಕವುಚುತ್ತಿದ್ದರು. ಓದು ಬರಹ ಬಾರದ ಒಡ್ಡರು, ಉಪ್ಪಾರರು ಕಟ್ಟಿದ ಮನೆಯಲ್ಲಿ ಹೊಗೆಗೊಂದು ಲೆಕ್ಕ ಇತ್ತು. ನಾವು ಕಾಂಕ್ರೀಟ್ ತಂದೆವು, ಲೆಕ್ಕ ಬಿಟ್ಟೆವು. ಬಡವರ ಮನೆ ಗಟ್ಟಿಯಾದಷ್ಟೂ ಹೊಗೆ ಒಳಗೇ ಉಳಿಯಿತು.

ಕಿಟಕಿ ಇಲ್ಲವೇ ಎಂದು ಕೇಳುತ್ತೀರಿ. 20×30ರ ಸೈಟಿನಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಎರಡೂ ಪಕ್ಕ ಪರರ ಗೋಡೆ. ಹಿಂದೆ ಒಂದು ಕಿಟಕಿ ಇಟ್ಟರೆ ಬೆಕ್ಕು, ಹಾವು, ಇಲಿ ಎಂದು ಅದಕ್ಕೊಂದು ಗೋಣಿಚೀಲ ತುರುಕುತ್ತಾರೆ. ಚೀಲ ತುರುಕದೇ ಇದ್ದರೂ ಕಿಟಕಿಯಿಂದ ಹೊಗೆ ಪೂರ್ತಿ ಹೋಗುವುದಿಲ್ಲ. ಬಿಸಿ ಹೊಗೆಗೆ ಮೇಲಕ್ಕೇ ಹೋಗಬೇಕು. ಲಿಂಟಲ್ ಮಟ್ಟದಲ್ಲಿ ಮುಗಿಯುವ ಕಿಟಕಿಯ ಮೇಲೆ ಇನ್ನೂ ಮೂರಡಿ ಗೋಡೆ ಇರುತ್ತದೆ. ಆ ಮೂರಡಿಯಲ್ಲಿ ತುಂಬಿದ್ದು ತಣ್ಣಗಾಗಿ ಕೆಳಗಿಳಿಯುತ್ತದೆ, ಕೂಸು ನಿಂತ ಮಟ್ಟಕ್ಕೆ.

ಎಲ್ಲರ ಮನೆಗೂ ಗ್ಯಾಸ್ ಬಂದಿದೆಯಲ್ಲ, ಇನ್ನೂ ಕಟ್ಟಿಗೆ ಒಲೆಯ ಮಾತು ಯಾಕೆ ಎಂದು ಒಬ್ಬ ಇಂಜಿನಿಯರ್ ನನ್ನನ್ನು ಕೇಳಿದ್ದರು. ಉಜ್ವಲ ಯೋಜನೆ 2016ರ ಮೇ ತಿಂಗಳಲ್ಲಿ ಶುರುವಾದ ಮೇಲೆ ಗ್ಯಾಸ್ ಬಂದದ್ದು ನಿಜ, ಅದರಿಂದ ಎಷ್ಟೋ ಹೆಣ್ಣುಮಕ್ಕಳ ಕಣ್ಣುರಿ ತಪ್ಪಿದ್ದೂ ನಿಜ. ಅದನ್ನು ನಾನು ಕೈಮುಗಿದು ಒಪ್ಪುತ್ತೇನೆ. ಆದರೆ ಮನೆಗೆ ಸಿಲಿಂಡರ್ ಬಂದ ದಿನ ಒಲೆ ಮನೆಯಿಂದ ಹೊರಗೆ ಹೋಗಲಿಲ್ಲ. ಉಜ್ವಲದ ಮನೆಗಳು ದೇಶದಲ್ಲಿ ಸರಾಸರಿ ವರ್ಷಕ್ಕೆ ನಾಲ್ಕರ ಆಸುಪಾಸು ಸಿಲಿಂಡರ್ ತುಂಬಿಸಿಕೊಳ್ಳುತ್ತವೆ. ಐದು ಜನರ ಮನೆಯಲ್ಲಿ ಮೂರು ಹೊತ್ತೂ ಗ್ಯಾಸಿನಲ್ಲೇ ಬೇಯಿಸಿದರೆ 14.2 ಕೆಜಿ ಸಿಲಿಂಡರ್ ತಿಂಗಳು, ಒಂದೂವರೆ ತಿಂಗಳಿಗಿಂತ ಹೆಚ್ಚು ಬರುವುದಿಲ್ಲ. ಉಳಿದ ದಿನ ಏನು ಉರಿಯುತ್ತದೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ನೂರಕ್ಕೆ 59 ಮನೆಗಳು ಶುದ್ಧ ಇಂಧನ ಬಳಸುತ್ತವೆ ಎಂದು ಬಂದಿದೆ. ಅಲ್ಲಿ ಕೇಳುವ ಪ್ರಶ್ನೆ ಅಡುಗೆಗೆ ಮುಖ್ಯವಾಗಿ ಯಾವುದನ್ನು ಬಳಸುತ್ತೀರಿ ಎಂದು. ಗ್ಯಾಸ್ ಎಂದು ಹೇಳಿದ ಮನೆಯಲ್ಲೂ ಹಿತ್ತಲ ಕಡೆ ಒಂದು ಒಲೆ ಇರುತ್ತದೆ.

ಹಾಗಿರುವುದಕ್ಕೆ ಕಾರಣ ಬರೀ ದುಡ್ಡಲ್ಲ. ನಮ್ಮ ಕಡೆ ತೆಂಗಿನ ತೋಟವಿರುವವರಿಗೆ ಸೋಗೆ, ಎಡಮಟ್ಟೆ, ಚಿಪ್ಪು ಬಿಟ್ಟಿ ಸಿಗುತ್ತದೆ. ಅದನ್ನು ಉರಿಸದೆ ಎಲ್ಲಿ ರಾಶಿ ಹಾಕುವುದು? ಮುದ್ದೆಯ ಎಸರು ಕುದಿಯುತ್ತಿರುವ ದೊಡ್ಡ ಪಾತ್ರೆಯನ್ನು ಎರಡೂವರೆ ಅಡಿ ಕಟ್ಟೆಯ ಮೇಲಿನ ಗ್ಯಾಸ್ ಒಲೆಯಿಂದ ನೆಲಕ್ಕಿಳಿಸುವುದು ಕೈಲಾಗದವರಿಗೆ ಅಪಾಯ. ನೆಲದೊಲೆಯಿಂದ ಪಕ್ಕಕ್ಕೆ ಸರಿಸಿದರೆ ಸಾಕು. ಇನ್ನು ಸ್ನಾನದ ನೀರು. ಹಂಡೆಗೆ ಗ್ಯಾಸ್ ಹಚ್ಚುವವರನ್ನು ನಾನು ನೋಡಿಲ್ಲ. ಮಲೆನಾಡಿನಲ್ಲಿ ಬಚ್ಚಲೊಲೆ ಹಗಲೆಲ್ಲ ಆರುವುದೇ ಇಲ್ಲ. ಕಲಬುರಗಿ ಕಡೆ ಹೋದರೆ ತೊಗರಿಕಟ್ಟಿಗೆ ಉರಿಸಿ ರೊಟ್ಟಿ ಸುಡುತ್ತಾರೆ. ಜನ ಹೀಗೆಯೇ ಬದುಕುತ್ತಿದ್ದಾರೆ, ಇನ್ನೂ ಬಹಳ ವರ್ಷ ಹೀಗೆಯೇ ಬದುಕುತ್ತಾರೆ. ಮನೆಯನ್ನು ಮಾತ್ರ ಅವರು ಬೇರೆ ಥರ ಬದುಕುತ್ತಾರೆ ಎಂದುಕೊಂಡು ಕಟ್ಟುತ್ತಿದ್ದೇವೆ.

ಇದರ ಬೆಲೆಯನ್ನು ನನ್ನ ಹೆಂಡತಿ ತೆರುತ್ತಿದ್ದಾಳೆ. ಮೂರು ವರ್ಷದ ಹಿಂದೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಆಸ್ಪತ್ರೆಯಲ್ಲಿ ಒಂದು ಕೊಳವೆ ಊದಿಸಿ ನೋಡಿದ ಡಾಕ್ಟರು, ‘ಬೀಡಿ, ಹೊಗೆಸೊಪ್ಪು ಏನಾದರೂ ಇದೆಯೇನಮ್ಮ?’ ಎಂದರು. ಅವಳಿಗೆ ಅಳುವೇ ಬಂತು. ಆಮೇಲೆ ಅವರು ಕೇಳಿದ್ದು, ‘ಒಲೆ ಮುಂದೆ ಎಷ್ಟು ವರ್ಷ ಕೂತಿದ್ದೀರಿ?’ ಸಿಒಪಿಡಿ ಎಂದು ಬರೆದರು. ಶ್ವಾಸಕೋಶ ಒಳಗಿಂದೊಳಗೆ ಸವೆದುಹೋಗಿರುವ ಕಾಯಿಲೆ. ಹೋದದ್ದು ಹಿಂದಿರುಗುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು ಅಷ್ಟೆ. ಈಗ ಬೆಳಗ್ಗೆ ಸಂಜೆ ಪಂಪು ಎಳೆದುಕೊಳ್ಳುತ್ತಾಳೆ. ಎಳೆ ಮಕ್ಕಳಿಗೆ ನ್ಯುಮೋನಿಯಾ, ಬಸುರಿಯರಿಗೆ ತೂಕ ಕಡಿಮೆಯ ಕೂಸು, ವಯಸ್ಸಾದವರಿಗೆ ಕಣ್ಣಿನ ಪೊರೆ, ಗಂಡಸು ಹೆಂಗಸೆನ್ನದೆ ಹೃದಯದ ಕಾಯಿಲೆ, ಇವೆಲ್ಲಕ್ಕೂ ಒಲೆಯ ಹೊಗೆ ನೀರೆರೆಯುತ್ತದೆ. 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಮನೆಯೊಳಗಿನ ಹೊಗೆಯಿಂದ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿದೆ. ಹೊಗೆಯ ನುಣ್ಣನೆಯ ಕಣ, ಪಿಎಂ 2.5 ಎನ್ನುತ್ತಾರಲ್ಲ, ಅದು ದಿನದ ಸರಾಸರಿಯಲ್ಲಿ ಒಂದು ಘನಮೀಟರ್ ಗಾಳಿಗೆ 15 ಮೈಕ್ರೊಗ್ರಾಂ ದಾಟಬಾರದು ಎಂದು ಅದೇ ಸಂಸ್ಥೆ ಹೇಳುತ್ತದೆ. ನಮ್ಮ ದೇಶ ಬೀದಿಯ ಗಾಳಿಗೆ 60ರ ಮಿತಿ ಇಟ್ಟಿದೆ. ಕಟ್ಟಿಗೆ ಉರಿಯುವ ಮುಚ್ಚಿದ ಅಡುಗೆಕೋಣೆಯಲ್ಲಿ ಬೇಯಿಸುವ ಹೊತ್ತಿಗೆ ಅದು ಹಲವು ನೂರಕ್ಕೆ ಏರುತ್ತದೆ, ಸಾವಿರವನ್ನೂ ದಾಟುತ್ತದೆ. ದೆಹಲಿಯ ಗಾಳಿ ಕೆಟ್ಟಿತೆಂದು ಟಿವಿಯಲ್ಲಿ ತೋರಿಸುವಾಗ ನಾನು ನನ್ನ ಅಡುಗೆಕೋಣೆಯ ಕಡೆ ನೋಡುತ್ತೇನೆ.

ಸಚಿವರೇ, ಇದಕ್ಕೆ ದಾರಿ ಹುಡುಕಲು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗಾಗಿ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕೆಲಸ ನಡೆಯಿತು. ಅಲ್ಲಿಂದ ಬಂದದ್ದು ಅಸ್ತ್ರ ಒಲೆ. ಮೂರು ಪಾತ್ರೆ ಕೂರುವ ಮಣ್ಣಿನ ಒಲೆ. ಬೆಂಕಿ ಮೊದಲ ಪಾತ್ರೆಯ ಕೆಳಗೆ, ಅದರ ಬಿಸಿ ಎರಡನೆಯದರ, ಮೂರನೆಯದರ ಕೆಳಗೆ ನುಸುಳಿ ಹೋಗಿ ಕೊಳವೆ ಹಿಡಿದು ಸೂರಿನಾಚೆ ಹೋಗುತ್ತಿತ್ತು. 80ರ ದಶಕದಲ್ಲಿ, ಇನ್ನೂ ಮೀಸೆ ಬಲಿಯದ ವಯಸ್ಸಿನಲ್ಲಿ, ಅದನ್ನು ಕಟ್ಟುವುದು ಕಲಿತೆ. ಮಣ್ಣು ಹದ ಮಾಡಿ, ಅಚ್ಚು ಇಟ್ಟು, ಕೊಳವೆ ನಿಲ್ಲಿಸಿ, ಮೂರನೇ ದಿನ ಬೆಂಕಿ ಹಾಕಿದಾಗ ಹೊಗೆ ಸದ್ದಿಲ್ಲದೆ ಒಳಕ್ಕೆ ಎಳೆದುಕೊಂಡು ಹೋಗುವುದನ್ನು ನೋಡಲು ಇಡೀ ಕೇರಿಯ ಹೆಂಗಸರು ಸೇರುತ್ತಿದ್ದರು. ಒಬ್ಬ ಅಜ್ಜಿ ಮನೆಯಿಂದ ಹೊರಬಂದು ಸೂರಿನ ಮೇಲಿನ ಕೊಳವೆ ನೋಡಿ, ಮತ್ತೆ ಒಳಗೆ ಹೋಗಿ ಒಲೆ ನೋಡಿ, ಹೀಗೆ ನಾಲ್ಕು ಸಲ ಓಡಾಡಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆ ಒಲೆಗಳು ಯಾಕೆ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಕೊಳವೆಯಲ್ಲಿ ಮಸಿ ಕಟ್ಟಿದರೆ ತಿಂಗಳಿಗೊಮ್ಮೆ ತೆಗೆಯಬೇಕು. ಅದನ್ನು ಮನೆಯವರಿಗೆ ಸರಿಯಾಗಿ ಹೇಳಿಕೊಟ್ಟವರು ಕಡಿಮೆ. ಸೌದೆಯನ್ನು ಚಿಕ್ಕದಾಗಿ ಸೀಳಬೇಕಿತ್ತು, ಕೊಡಲಿ ಹಿಡಿಯುವ ಗಂಡಸರಿಗೆ ಪುರುಸೊತ್ತಿರಲಿಲ್ಲ. ಕೊಳವೆ ಒಡೆದರೆ ಬೇರೆ ಸಿಗುತ್ತಿರಲಿಲ್ಲ. ಎಷ್ಟು ಒಲೆ ಕಟ್ಟಿದಿರಿ ಎಂದು ಲೆಕ್ಕ ಕೇಳಿದರೇ ಹೊರತು ಎಷ್ಟು ಒಲೆ ಉರಿಯುತ್ತಿವೆ ಎಂದು ಕೇಳಲಿಲ್ಲ. ಕೇಂದ್ರದ ಸುಧಾರಿತ ಒಲೆ ಕಾರ್ಯಕ್ರಮ 2002ರಲ್ಲಿ ನಿಂತುಹೋಯಿತು. ಇಂದಿರಾ ಆವಾಸ್ ಮಾರ್ಗಸೂಚಿಯಲ್ಲಿ ಮನೆಗೊಂದು ಶೌಚಾಲಯ, ಮನೆಗೊಂದು ಹೊಗೆರಹಿತ ಒಲೆ ಇರಬೇಕೆಂದು ಬರೆದಿತ್ತು. ಶೌಚಾಲಯವನ್ನು ಪಟ್ಟು ಹಿಡಿದು ಕಟ್ಟಿಸಿದಿರಿ, ಅದು ಆಯಿತು. ಒಲೆಯನ್ನು ಯಾರೂ ಪಟ್ಟು ಹಿಡಿಯಲಿಲ್ಲ, ಅದು ಕಾಗದದಲ್ಲೇ ಉಳಿಯಿತು. 2016ರಿಂದ ಬಂದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್‌ನಲ್ಲಿ ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು, ಅದರೊಳಗೆ ಶುಚಿಯಾಗಿ ಅಡುಗೆ ಮಾಡಲು ಪ್ರತ್ಯೇಕ ಜಾಗವೂ ಸೇರಬೇಕು ಎಂದಿದೆ. ಜಾಗ ಕೊಟ್ಟಿರಿ. ಅದರ ಗಾಳಿಯನ್ನು ಹೊರಗೆ ಕಳಿಸುವುದೊಂದು ಬಾಕಿ.

ನಾನು ಕೇಳುವುದು ಇಷ್ಟು. ಈಗ ಮನೆ ಕಟ್ಟುವಾಗ ಪಾಯ, ಲಿಂಟಲ್, ಸೂರು, ಕೊನೆಗೆ ಮುಗಿದ ಮನೆ ಎಂದು ಹಂತ ಹಂತಕ್ಕೆ ಮೊಬೈಲಿನಲ್ಲಿ ಫೋಟೊ ಹಿಡಿಯುತ್ತೀರಿ. ಫೋಟೊ ಆದರೆ ಬಿಲ್. ಸೂರಿನ ಹಂತದಲ್ಲಿ ಇನ್ನೊಂದು ಫೋಟೊ ಹಿಡಿಯಿರಿ: ಅಡುಗೆಕೋಣೆಯ ಮೂಲೆಯಲ್ಲಿ ನಿಂತು ಮೇಲಕ್ಕೆ. ಆರಂಗುಲದ ತೂತಿನಲ್ಲಿ ಆಕಾಶ ಕಾಣಬೇಕು. ಕಾಣದಿದ್ದರೆ ಬಿಲ್ ತಡೆಯಿರಿ. ಬಡವರ ಬಿಲ್ ತಡೆಯಿರಿ ಎಂದು ಬರೆಯಲು ನನಗೆ ಕೈ ಬರುವುದಿಲ್ಲ, ಆದರೂ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ನನ್ನಂಥ ಮೇಸ್ತ್ರಿಗಳು ಆ ತೂತು ಬಿಡುವುದಿಲ್ಲ. ಮೋಲ್ಡ್ ಹಾಕುವ ದಿನ ಅದಕ್ಕೆ ತಗಲುವ ಕೆಲಸ ಅರ್ಧ ಗಂಟೆಯದು. ಸೆಂಟ್ರಿಂಗ್ ಹಲಗೆಯ ಮೇಲೆ ತಗಡಿನ ಸ್ಲೀವ್, ಅಂದರೆ ತೂತು ಉಳಿಸುವ ಗಿಡ್ಡ ಕೊಳವೆ, ನಿಲ್ಲಿಸಿ, ನಾಲ್ಕೂ ಕಡೆ ಒಂದೊಂದು ಕಂಬಿ ಹೆಚ್ಚಿಗೆ ಕಟ್ಟಿ, ಮೇಲೆ ನಾಲ್ಕಂಗುಲ ಎತ್ತರಕ್ಕೆ ಕಟ್ಟೆ ಎಬ್ಬಿಸಿದರೆ ಮಳೆನೀರು ಒಳಗಿಳಿಯದು. ಸ್ಲೀವಿಗೆ ಪಿವಿಸಿ ಬೇಡ, ಬಿಸಿಗೆ ಕರಗುತ್ತದೆ. ಹಳೆಯ ಸಿಮೆಂಟ್ ಕಲ್ನಾರಿನ ಕೊಳವೆಯೂ ಬೇಡ, ಅದನ್ನು ಕುಯ್ಯುವಾಗ ಏಳುವ ಪುಡಿ ಕೆಟ್ಟದ್ದು, ಅದು ತಿಳಿಯದ ಕಾಲದಲ್ಲಿ ನಾವು ಬರಿಗೈಯಲ್ಲಿ ಕುಯ್ದೆವು. ಕೊಳವೆ ಸೂರಿನಿಂದ ಎರಡಡಿಯಾದರೂ ಮೇಲೆ ಹೋಗಬೇಕು, ಪ್ಯಾರಪೆಟ್ ಇದ್ದರೆ ಅದನ್ನೂ ದಾಟಬೇಕು. ಕೆಳಗೆ ಒಲೆಯ ಮೇಲೆ ಹೊಗೆಯನ್ನು ಸೇರಿಸಿ ಕೊಳವೆಗೆ ಕೊಡುವ ಒಂದು ಹೊಗೆಗೂಡು ಕಟ್ಟಬೇಕು. ಗೂಡಿಲ್ಲದ ತೂತು ಅರ್ಧ ಹೊಗೆಯನ್ನಷ್ಟೇ ಎಳೆಯುತ್ತದೆ. ಇದನ್ನೆಲ್ಲ ಜಿಲ್ಲೆಯ ನಿರ್ಮಿತಿ ಕೇಂದ್ರಗಳಲ್ಲಿ ಹೊಸ ಹುಡುಗರಿಗೆ ಎರಡು ದಿನದಲ್ಲಿ ಕಲಿಸಬಹುದು. ಕರೆದರೆ ನಾನು ಬಂದು ಕಲಿಸುತ್ತೇನೆ, ಕೂಲಿ ಬೇಡ.

ಇನ್ನೊಂದು ತೂತು ನೆಲಮಟ್ಟದಲ್ಲಿ ಬೇಕು. ಇದು ಗ್ಯಾಸಿಗಾಗಿ. ಹೊಗೆ ಮೇಲಕ್ಕೇರಿದರೆ ಸಿಲಿಂಡರಿನ ಗ್ಯಾಸ್ ಕೆಳಕ್ಕಿಳಿಯುತ್ತದೆ, ಗಾಳಿಗಿಂತ ಭಾರ. ರಾತ್ರಿ ಸೋರಿದರೆ ನೀರಿನ ಹಾಗೆ ನೆಲದಲ್ಲಿ ಹರಡಿ ಮೂಲೆಯಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಕಿಟಕಿ ಇಲ್ಲದ ಕತ್ತಲೆಕೋಣೆಗೆ ಬೆಳಗಿನ ಜಾವ ಕಾಲಿಡುವ ಹೆಂಗಸು ಮೊದಲು ಮಾಡುವ ಕೆಲಸ ಲೈಟಿನ ಸ್ವಿಚ್ ಒತ್ತುವುದು. ಆ ಸ್ವಿಚ್ಚಿನ ಕಿಡಿಯೇ ಸಾಕು. ಹೊರಗೋಡೆಯಲ್ಲಿ ನೆಲಕ್ಕೆ ಹತ್ತಿ ಆರಂಗುಲದ ಜಾಲಿ ಬಿಟ್ಟು ಇಲಿ ಹೋಗದ ಹಾಗೆ ಬಲೆ ಹೊಡೆದರೆ ಸೋರಿದ್ದು ಹೊರಗೆ ಹರಿಯುತ್ತದೆ. ಸ್ವಿಚ್ ಬೋರ್ಡನ್ನು ಅಡುಗೆಕೋಣೆಯ ಬಾಗಿಲ ಆಚೆಗೆ ಇಡಿಸಿ, ವೈರಿನವರಿಗೆ ಹೇಳಿದರೆ ಮಾಡುತ್ತಾರೆ.

ಸಿಲಿಂಡರ್ ಮನೆಗೆ ತರುವ ಹುಡುಗರಿಗೂ ಒಂದು ಮಾತು. ಇಳಿಸಿ ಸಹಿ ಹಾಕಿಸಿಕೊಂಡು ಓಡಬೇಡಿ, ಸೌದೆ ಒಲೆ ಎಲ್ಲಿದೆ ನೋಡಿ. ಒಂದೇ ಕೋಣೆಯಲ್ಲಿ ಎರಡೂ ಇದ್ದರೆ ಬಾಯಿ ಬಿಟ್ಟು ಹೇಳಿ. ಕಿತ್ತಳೆ ಬಣ್ಣದ ಕೊಳವೆಯ ಆಯುಸ್ಸು ಐದು ವರ್ಷ, ಅದರ ಮೇಲೇ ತಾರೀಖು ಇರುತ್ತದೆ. ನಮ್ಮೂರಲ್ಲಿ ಹತ್ತು ವರ್ಷದ ಕೊಳವೆಗೆ ಸೈಕಲ್ ಟ್ಯೂಬ್ ಸುತ್ತಿದ್ದನ್ನು ನೋಡಿದ್ದೇನೆ. ಸಿಲಿಂಡರಿನ ಕತ್ತಿನ ಹತ್ತಿರ ಎ, ಬಿ, ಸಿ, ಡಿ ಎಂಬ ಅಕ್ಷರ, ಪಕ್ಕದಲ್ಲಿ ವರ್ಷ ಬರೆದಿರುತ್ತದೆ. ಎ ಅಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಬೇಕಾದ ಗಡುವು ಅದು. ಆ ಗಡುವು ದಾಟಿದ ಸಿಲಿಂಡರನ್ನು ಮನೆಯವರು ವಾಪಸು ಮಾಡಬಹುದು. ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಹೊರಗೆ ಹೋಗಿ ನಿಂತು 1906ಕ್ಕೆ ಫೋನ್ ಮಾಡಿ. ಈ ನಂಬರನ್ನು ಅಡುಗೆಕೋಣೆಯ ಬಾಗಿಲ ಮೇಲೆ ಸುಣ್ಣದಲ್ಲಿ ಬರೆಯಿರಿ.

ಬಾಣಂತಿ ಕೋಣೆಯ ವಿಷಯ ಬರೆಯದೆ ಈ ಪತ್ರ ಮುಗಿಸಲಾರೆ. ತಾಯಿ ಕೂಸಿಗೆ ಥಂಡಿ ಆಗಬಾರದೆಂದು ಬಾಣಲೆಯಲ್ಲಿ ಕೆಂಡ ತಂದಿಟ್ಟು, ಕಿಟಕಿಗೆ ಕಂಬಳಿ ಹೊದಿಸಿ, ಬಾಗಿಲು ಎಳೆದುಕೊಳ್ಳುತ್ತಾರೆ. ಹೆಂಚಿನ ಮನೆಯಲ್ಲಿ ಇದು ನಡೆಯುತ್ತಿತ್ತು, ಸೂರಿನಿಂದ ಗಾಳಿ ಆಡುತ್ತಿತ್ತು. ಮೋಲ್ಡ್ ಮನೆಯಲ್ಲಿ ಇದು ಕೊಲ್ಲುವ ಕೆಲಸ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಕೆಮ್ಮೂ ಬರಿಸುವುದಿಲ್ಲ. ತಲೆನೋವು, ಮಂಪರು, ಆಮೇಲೆ ಎಚ್ಚರವೇ ಆಗುವುದಿಲ್ಲ. ಹೊಗೆ ಕಾಣುತ್ತಿಲ್ಲ ಎಂದರೆ ಅಪಾಯ ಇಲ್ಲ ಎಂದಲ್ಲ. ನಮ್ಮ ಅಜ್ಜಿಯರ ಅಕ್ಕರೆ ತಪ್ಪಲ್ಲ, ಅವರಿಗೆ ಗೊತ್ತಿದ್ದ ಮನೆ ಬೇರೆ. ಆಶಾ ಕಾರ್ಯಕರ್ತೆಯರು ಬಾಣಂತಿಯನ್ನು ನೋಡಲು ಹೋದಾಗ ಕೆಂಡವನ್ನು ಹೊರಗಿಡಿಸಿ ಬರಬೇಕು. ಬೆಚ್ಚಗಿಡಲು ಕಂಬಳಿ ಸಾಕು, ತಾಯಿಯ ಮೈಗೆ ಕೂಸನ್ನು ಅಪ್ಪಿಸಿ ಮಲಗಿಸಿದರೆ ಸಾಕು.

ಪಟ್ಟಣದವರೂ ಇದೇ ಪೆಟ್ಟಿಗೆಯೊಳಗೆ ಇದ್ದಾರೆ. ನನ್ನ ಮಗ ಬೆಂಗಳೂರಿನಲ್ಲಿ ಬಾಡಿಗೆಗಿದ್ದ ಮನೆಯ ಬಚ್ಚಲು ನಾಲ್ಕಡಿಗೆ ಆರಡಿ. ಒಳಗೇ ಗ್ಯಾಸ್ ಗೀಸರ್. ಗಾಳಿ ಸಾಲದಿದ್ದರೆ ಅದರಿಂದಲೂ ಅದೇ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ವೆಂಟಿಲೇಟರಿಗೆ ಗಾಜು ಕೂರಿಸಿ ಬಿಗಿ ಮಾಡಿದ್ದರು. ಸ್ನಾನ ಮಾಡಿ ಬಂದರೆ ತಲೆ ಭಾರವಾಗುತ್ತದೆ ಎಂದು ಅವನು ಹೇಳುತ್ತಿದ್ದ, ನಾವು ರಾತ್ರಿ ಪಾಳಿಯ ಆಯಾಸ ಎಂದುಕೊಂಡಿದ್ದೆವು. ಹೋಗಿ ಕಣ್ಣಾರೆ ನೋಡಿದ ದಿನ ಅಲ್ಲೇ ನಿಂತು ಗಾಜು ಕಿತ್ತೆ, ಮಾಲೀಕರನ್ನು ಕರೆದು ಗೀಸರನ್ನು ಹೊರಗಿನ ಬಾಲ್ಕನಿಗೆ ಹಾಕಿಸಿದೆ. ಅವರು ಕೆಟ್ಟವರಲ್ಲ, ಅವರಿಗೂ ಗೊತ್ತಿರಲಿಲ್ಲ.

ಈಗಾಗಲೇ ಮೋಲ್ಡ್ ಹಾಕಿಸಿಕೊಂಡು ಕೂತಿರುವ ನನ್ನ ಜನರೇ, ನೀವು ಸೂರು ಒಡೆಯಬೇಡಿ, ಕಂಬಿ ಕಡಿದರೆ ಮನೆ ಕೆಡುತ್ತದೆ. ಸೂರಿಗೆ ಒಂದಡಿ ಕೆಳಗೆ ಹೊರಗೋಡೆಯಲ್ಲಿ ತೂತು ಕೊರೆಸಿ, ಕೊಳವೆಯನ್ನು ಹೊರಕ್ಕೆ ತಂದು, ಮೊಣಕೈ ತಿರುವಿ ಗೋಡೆಗುಂಟ ಸೂರಿನಾಚೆಗೆ ಏರಿಸಬಹುದು. ಅಡ್ಡ ಹೋಗುವ ದೂರ ಕಡಿಮೆ ಇದ್ದಷ್ಟೂ ಎಳೆತ ಚೆನ್ನ. ನನ್ನ ಮನೆಯಲ್ಲಿ ಹೀಗೆಯೇ ಮಾಡಿದ್ದೇನೆ. ಒಂದು ಸಿಮೆಂಟ್ ಮೂಟೆ, ಒಂದು ತಗಡಿನ ಕೊಳವೆ, ಎರಡು ದಿನದ ಕೆಲಸ. ತಿಂಗಳಿಗೊಮ್ಮೆ ಹಗ್ಗಕ್ಕೆ ತೆಂಗಿನನಾರಿನ ಉಂಡೆ ಕಟ್ಟಿ ಮೇಲಿಂದ ಇಳಿಬಿಟ್ಟು ಮಸಿ ತೆಗೆಯುತ್ತೇನೆ. ಹೆಂಡತಿಯ ಕೆಮ್ಮು ಹೋಗಿಲ್ಲ. ಅಡುಗೆಕೋಣೆಯಲ್ಲಿ ಅವಳು ನಿಂತು ಕೆಲಸ ಮಾಡುತ್ತಾಳೆ.

ಆ ಸೊಸೆಯ ಮನೆಗೂ ಕೊಳವೆ ಹಾಕಿ ಬಂದೆ. ಸೂರು ಸೋರುವುದನ್ನು ಆಮೇಲೆ ನೋಡಿದೆ. ಬರುವ ಗುರುವಾರ ಅವರ ಕೇರಿಯಲ್ಲೇ ಇನ್ನೊಂದು ಮನೆಗೆ ಮೋಲ್ಡ್ ಹಾಕುತ್ತಿದ್ದೇವೆ. ಸೆಂಟ್ರಿಂಗ್ ಮುಗಿದಿದೆ, ಅಡುಗೆಕೋಣೆಯ ಮೂಲೆಯಲ್ಲಿ ಸ್ಲೀವ್ ನಿಂತಿದೆ. ನಮ್ಮ ಪಂಚಾಯಿತಿಯ ಇಂಜಿನಿಯರು ಬೆಳಗ್ಗೆ ಹತ್ತರೊಳಗೆ ಬಂದರೆ, ಕಾಂಕ್ರೀಟ್ ಬೀಳುವ ಮುಂಚೆ ಕಂಬಿ ಕಟ್ಟಿರುವುದನ್ನು ನೋಡಬಹುದು.

ಇಂತಿ ತಮ್ಮ ವಿಶ್ವಾಸಿ,
ಕುಣಿಗಲ್ ತಾಲ್ಲೂಕಿನ ಒಬ್ಬ ಗಾರೆ ಮೇಸ್ತ್ರಿ